ಕೈ ಮೇಲಿನ ಹಪ್ಪಳ

ನಾವು ಅದಕ್ಕೆ ಹಾಳೆ ಅನ್ನುತ್ತಿದ್ದೆವು. ಓಣಿಯ ಹೆಂಗಸರು ಹಪ್ಪಳ ಅಂದರು. ಸ್ವಲ್ಪ ದಿನಕ್ಕೆ ಲ್ಯಾಬಿನಲ್ಲೂ ಹಪ್ಪಳವೇ ಆಯಿತು.

ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ್ದು. ಗಾಜಿನ ತಟ್ಟೆಯ ಮೇಲೆ ತೆಳ್ಳಗೆ ಹರವಿ ಒಣಗಿಸಿದರೆ, ಹಿಂದೆ ಹಿಡಿದ ಬೆರಳು ಕಾಣುವಂಥ ಹಾಳೆ ಎದ್ದು ಬರುತ್ತದೆ. ಸುಟ್ಟ ಗಾಯದ ಮೇಲೆ ಹಾಕಿದರೆ ಮತ್ತೆ ಕೀಳುವ ಕೆಲಸ ಇರಬಾರದು. ಕೆಳಗೆ ಹೊಸ ಚರ್ಮ ಬಂದ ಹಾಗೆ ಅದು ತಾನಾಗಿ ಕರಗಬೇಕು. ಗಾಯಕ್ಕೆ ಅಂಟಿದ ಬಟ್ಟೆ ಬಿಚ್ಚುವಾಗ ಮಕ್ಕಳು ಕೂಗುವುದನ್ನು ಒಮ್ಮೆ ಕೇಳಿದವರಿಗೆ ಇದು ಯಾಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಾಜಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಳೆಯನ್ನು ಇಟ್ಟು ನೋಡಿದ್ದಾಗಿತ್ತು. ಅವು ಬದುಕಿದ್ದವು. ಇನ್ನು ಮನುಷ್ಯರ ಚರ್ಮ. ಗಾಯವಿಲ್ಲದ ಕೈ ಮೇಲೆ ಎರಡು ದಿನ ಕೂತು ಅದು ಕೆಂಪು, ಉರಿ, ತುರಿಕೆ ಏನನ್ನೂ ತರಬಾರದು. ಇದು ದಾಟಿದರೆ ಮುಂದಿನದು ಆಸ್ಪತ್ರೆ, ನಿಜವಾದ ಸುಟ್ಟ ಗಾಯ.

ನಮ್ಮ ಲ್ಯಾಬು ಭಾಗ್ಯನಗರದಲ್ಲಿ, ಕೂದಲ ಗೋದಾಮಿನ ಮೇಲಿನ ಅಂತಸ್ತಿನಲ್ಲಿ. ಕೆಳಗೆ ಹೆಂಗಸರು ಸಾಲಾಗಿ ಕೂತು ಕೂದಲಿನ ಗಂಟು ಬಿಡಿಸುತ್ತಾರೆ, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಪರೀಕ್ಷೆಗೆ ಕೈ ಕೊಡುತ್ತೇವೆ ಎಂದು ಮುಂದೆ ಬಂದವರು ಅವರೇ. ನಮ್ಮ ಓಣಿಯವರು.

ಅತ್ತೆಯೂ ಕೈ ಚಾಚಿದ್ದರು.

"ಮನಿಯವರನ್ನ ತಗೊಳ್ಳಂಗಿಲ್ರಿ ಅತ್ತಿ."

"ಯಾಕ, ನನ್ನದೇನು ಎಮ್ಮಿ ಚರ್ಮಾನ?"

"ನೀವು ನನ್ನ ಕಡೆ ಮಾತಾಡ್ತೀರಿ ಅಂತ."

"ಮತ್ತ ಯಾರ ಕಡೆ ಮಾತಾಡ್ಲಿ?" ಅಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಅತ್ತೆಯ ಹೆಸರು ಪಕೀರಮ್ಮ. ಅವರ ಮಗ ಯಂಕೇಶ ನನ್ನ ಗಂಡ. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿದ್ದ. ಎರಡು ವರ್ಷದ ಹಿಂದೆ ಅಳವಂಡಿಯ ಹೊಲದಿಂದ ಒಂದು ಚೀಲ ಮೆಕ್ಕೆಜೋಳ ಬೈಕಿಗೆ ಕಟ್ಟಿಕೊಂಡು ನೇರವಾಗಿ ಲ್ಯಾಬಿಗೆ ಬಂದ. "ಪ್ಯಾಟಿ ಜ್ವಾಳಕ್ಕ ಏನ್ ಕೋಡ ಬಂದಾವೇನ್ರಿ? ನಮ್ಮದನ್ನ ಹಾಕಿ ನೋಡ್ರಿ" ಅಂದ. ನಮ್ಮ ಮುಖ್ಯಸ್ಥರಾದ ಪಂಪಾಪತಿ ಸರ್ ನಕ್ಕು ಇಳಿಸಿಕೊಂಡರು. ಪಿಷ್ಟ ತೆಗೆದು ಶುದ್ಧ ಮಾಡಿದ ಮೇಲೆ ಅದು ಯಾವ ಹೊಲದ್ದೆಂದು ಯಾವ ಯಂತ್ರಕ್ಕೂ ತಿಳಿಯುವುದಿಲ್ಲ. ನನಗೆ ತಿಳಿದಿತ್ತು. ಡಬ್ಬಿಯ ಮೇಲೆ ಅವನದೇ ಅಕ್ಷರದಲ್ಲಿ 'ಅಳವಂಡಿ' ಎಂದಿತ್ತು.

ಅದರ ಮುಂದಿನ ವರ್ಷ ಅದೇ ಬೈಕು ಮುನಿರಾಬಾದಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿತು.

ಅತ್ತೆ ಹೊಲವನ್ನು ತಮ್ಮ ಮೈದುನನಿಗೆ ಪಾಲಿಗೆ ಕೊಟ್ಟು, ಎರಡು ಸೀರೆಯ ಗಂಟು ಮತ್ತು ರೊಟ್ಟಿಯ ಹಂಚು ಹಿಡಿದುಕೊಂಡು ಭಾಗ್ಯನಗರಕ್ಕೆ ಬಂದರು. "ಇಲ್ಲೇ ಇರ್ತೇನಿ" ಅಂದರು. ನಾನು ಹೂಂ ಅಂದೆ. ಆಗ ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ. ರೊಟ್ಟಿ ಅವರದು, ಸಾರು ನನ್ನದು. ಊಟದ ನಡುವೆ ಒಮ್ಮೆ ಎದ್ದು ಅಡುಗೆಮನೆಗೆ ಹೋಗಿ ಬರುವುದು ಅವರ ರೂಢಿ. ನೀರಿಗೆ ಅನ್ನುತ್ತಿದ್ದರು. ನೀರಿನ ತಂಬಿಗೆ ಅವರ ಪಕ್ಕದಲ್ಲೇ ಇರುತ್ತಿತ್ತು. ನಾನು ಕೇಳಲಿಲ್ಲ.

ಈ ಪರೀಕ್ಷೆಯ ಹಾಳೆಗಳು ಆ ಡಬ್ಬಿಯ ಕೊನೆಯ ಪಿಷ್ಟದವು. ಅದು ಅತ್ತೆಗೂ ಗೊತ್ತಿತ್ತು. ನಾನೇ ಹೇಳಿದ್ದೆ.

ಹಚ್ಚುವ ದಿನ ಇಮಾಮಬೀ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿ ಬಂದರು. ಕೂದಲ ಕೆಲಸದವರಲ್ಲಿ ಹಿರಿಯರು. ಅವರ ಹಿಂದೆ ಮುದುಕಮ್ಮ. ಹೆಸರು ಮುದುಕಮ್ಮ, ವಯಸ್ಸು ನನ್ನಷ್ಟೇ. ನಾನು ಒಬ್ಬೊಬ್ಬರ ಬಲ ಮುಂಗೈಯ ಒಳಭಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಮೂರು ಪುಟ್ಟ ಚೌಕಗಳನ್ನು ಬಿಳಿ ಟೇಪಿನಿಂದ ಅಂಟಿಸಿದೆ.

"ಮೂರ ಯಾಕವ್ವ ಹೇಮಾ? ಒಂದ ಹಪ್ಪಳ ಸಾಕಿತ್ತಲ್ಲ," ಇಮಾಮಬೀ ಕೇಳಿದರು.

"ಯಾವುದರಾಗ ಏನೈತಿ ಅಂತ ಹೇಳಂಗಿಲ್ರಿ ಚಾಚಿ."

"ಹೇಳಬ್ಯಾಡ. ಈ ಮುದುಕಿ ಕೈಗೆ ಮಾತ್ರ ಖಾರದ್ದು ಹಚ್ಚು. ಭಾಳ ಮಾತಾಡ್ತಾಳ."

"ಮಾತಾಡೋದು ಬಾಯಿರೀ ಚಾಚಿ, ಕೈ ಏನ್ ಪಾಪ ಮಾಡೇತಿ?" ಅಂದಳು ಮುದುಕಮ್ಮ.

ಒಂದು ಚೌಕದಲ್ಲಿ ನಮ್ಮ ಹಾಳೆ. ಇನ್ನೊಂದರಲ್ಲಿ ಬರೀ ನೀರು. ಮೂರನೆಯದರಲ್ಲಿ ತೆಳು ಸೋಪಿನ ನೀರು. ಸೋಪಿನ ಚೌಕದ ಕೆಳಗೆ ಹೆಚ್ಚಿನವರಿಗೆ ಸ್ವಲ್ಪ ಕೆಂಪಾಗಿ ತುರಿಕೆ ಬರುತ್ತದೆ, ಬರಬೇಕು. ಅದು ಬಂದರೆ ಮಾತ್ರ ಉಳಿದ ಎರಡು ಚೌಕಗಳ ಮಾತನ್ನು ನಂಬಬಹುದು.

"ನೀರು ತಾಕಿಸಬ್ಯಾಡ್ರಿ. ಎಣ್ಣಿ, ಅರಿಷಿಣ ಹಚ್ಚಬ್ಯಾಡ್ರಿ. ಭಾಳ ಉರಿದ್ರ ತಗದುಬಿಡ್ರಿ, ಆದ್ರ ತಗದ ಕೂಡಲೇ ನನಗ ಫೋನ್ ಮಾಡ್ರಿ," ಅಂದೆ. ಎಲ್ಲರೂ ತಲೆಯಾಡಿಸಿದರು.

ಯಾರೂ ಫೋನ್ ಮಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಚರ್ಮದ ಡಾಕ್ಟರ್ ದ್ರಾಕ್ಷಾಯಿಣಿ ಬಂದು ಕಿಟಕಿಯ ಬೆಳಕಿಗೆ ಕೂತರು. ನಾನು ಚೌಕ ಬಿಡಿಸುತ್ತಾ ಹೋದೆ, ಅವರು ನೋಡುತ್ತಾ ಹೋದರು.

"ಕಡೀತೇನ್ರಿ ಚಾಚಿ?"

"ಏನೂ ಇಲ್ಲವ್ವ. ಕೈ ಮ್ಯಾಲೆ ಐತಿ ಅನ್ನೋದ ಮರ್ತಿದ್ದೆ."

"ನಿನಗ, ಮುದುಕಮ್ಮ?"

"ಹೂವಿನಂಗ ಇತ್ರಿ ಮೇಡಂ."

ಎಲ್ಲರದೂ ಇದೇ ಮಾತು. ಎಲ್ಲರ ಕೈಯೂ ನಯವಾಗಿತ್ತು. ಡಾಕ್ಟರ್ ಕನ್ನಡಕ ತೆಗೆದು, "ಇಷ್ಟು ಛಲೋ ಚರ್ಮ ಒಂದೇ ಓಣಿಯಲ್ಲಿ ನಾನು ನೋಡಿಲ್ಲ" ಅಂದರು. ಪಂಪಾಪತಿ ಸರ್ ಎಲ್ಲರಿಗೂ ಮಿರ್ಚಿ ಮಂಡಕ್ಕಿ ತರಿಸಿದರು. ಆಸ್ಪತ್ರೆಯವರಿಗೆ ಅವತ್ತೇ ಸುದ್ದಿ ಹೇಳಲು ಹೊರಟಿದ್ದರು.

"ಒಂದು ದಿನ ತಡೀರಿ ಸರ್," ಅಂದೆ.

"ಯಾಕಮ್ಮ?"

"ಸೋಪಿನ ಚೌಕನೂ ಯಾರಿಗೂ ಕೆಂಪಾಗಿಲ್ಲ ಸರ್."

ಅವರ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

ಬಿಡಿಸಿದ ಚೌಕಗಳನ್ನು ಎಸೆಯುವ ಮೊದಲು ಒಂದನ್ನು ಬೆಳಕಿಗೆ ಹಿಡಿದೆ. ಟೇಪಿನ ಅಂಟಿಗೆ ಉದ್ದನೆಯ ಒಂದು ಕೂದಲು ಹತ್ತಿತ್ತು. ಇನ್ನೊಂದನ್ನು ನೋಡಿದೆ. ಅದರಲ್ಲೂ ಇತ್ತು. ಮತ್ತೊಂದರಲ್ಲಿ ಎರಡೆಳೆ, ಹಾಳೆಯ ಕೆಳಗೇ ಸುತ್ತಿಕೊಂಡಿದ್ದವು. ನಾನು ಹಚ್ಚುವಾಗ ಕೈಗಳನ್ನು ಒರೆಸಿದ್ದೆ. ಕೂದಲ ಗೋದಾಮಿನಲ್ಲಿ ಕೂತವರ ಮೈಮೇಲೆ ಎಲ್ಲೆಲ್ಲೂ ಕೂದಲಿರುತ್ತದೆ, ಆದರೆ ಹಚ್ಚಿದ ಚೌಕದ ಒಳಗೆ ಅದು ಹೋಗಲಾರದು. ಬಿಚ್ಚಿ ಮತ್ತೆ ಹಚ್ಚಿದರೆ ಮಾತ್ರ ಹೋಗುತ್ತದೆ. ಟೇಪೂ ಎರಡು ಪದರ ಇತ್ತು. ಮೇಲಿನ ಪದರ ನನ್ನ ಕೈಯದಲ್ಲ. ನಾನು ಕತ್ತರಿಯಿಂದ ಕತ್ತರಿಸುತ್ತೇನೆ. ಇದನ್ನು ಹಲ್ಲಿನಿಂದ ಹರಿದಿದ್ದರು.

ಆ ಟೇಪಿನ ಇನ್ನೊಂದು ಸುರುಳಿ ಇದ್ದದ್ದು ನಮ್ಮ ಮನೆಯ ಅಲಮಾರಿಯಲ್ಲಿ.

ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಅತ್ತಿ, ಅಲಮಾರಿನಾಗ ಬಿಳಿ ಟೇಪಿತ್ತಲ್ರಿ."

"ಯಾವ ಟೇಪು?"

"ಬಿಳೀದು."

"ಅದಾ? ಇಲಿ ಒಯ್ದಿರಬೇಕು."

"ಇಲಿ ಓಣಿ ತುಂಬ ಅಂಟಿಸಿಕೋತ ಹೋಗೇತ್ರಿ."

ಅವರ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತಾ ದೊಡ್ಡದಾಗುತ್ತಿತ್ತು.

"ಇಮಾಮಬೀ ಏನರ ಹೇಳಿದಳೇನು?" ಅಂದರು ಕೊನೆಗೆ.

"ಯಾರೂ ಹೇಳಿಲ್ಲ."

"ಮತ್ತ?"

"ಕೂದಲ ಹೇಳಿತು."

ಅತ್ತೆ ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ಸೆರಗಿನಿಂದ ಹಣೆ ಒರೆಸಿಕೊಂಡರು. ಆಮೇಲೆ ಎಲ್ಲ ಹೇಳಿದರು. ಹಚ್ಚಿದ ದಿನ ಸಂಜೆ ಅವರೇ ಮನೆ ಮನೆಗೆ ಹೋಗಿದ್ದರು. ಇಮಾಮಬೀ ಕೈ ಕೆರೆದುಕೊಳ್ಳುತ್ತಿದ್ದರು. ಮುದುಕಮ್ಮ ಊದುತ್ತಾ ಕೂತಿದ್ದಳು. ಅತ್ತೆ ಎಲ್ಲರ ಚೌಕ ಬಿಚ್ಚಿಸಿದರು. ಲ್ಯಾಬಿಗೆ ಬರುವ ದಿನ ಬೆಳಿಗ್ಗೆ ಮತ್ತೆ ಹಚ್ಚಿದರು.

"ಯಾರದು ಯಾರಿಗೂ ಅದಲ ಬದಲ ಆಗಿಲ್ಲ," ಅಂದರು. ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. "ತಾಟಿನ್ಯಾಗ ಒಬ್ಬೊಬ್ಬರದು ಸಾಲಾಗಿ ಇಟ್ಟು, ಮ್ಯಾಲೆ ಜರಡಿ ಮುಚ್ಚಿದ್ವಿ. ಒಂದ ಹಪ್ಪಳ ಮುರಿದಿಲ್ಲ ನೋಡು."

"ಯಾಕ ಮಾಡಿದ್ರಿ ಅತ್ತಿ?"

"ನೀ ಫೇಲ್ ಆಗಬಾರದು ಅಂತ."

"ನನ್ನ ಪರೀಕ್ಷೆ ಅಲ್ರಿ ಅದು. ಹಾಳೀದು."

"ನನಗ ಎರಡೂ ಒಂದ." ಆಮೇಲೆ ಅಂದರು, "ಯಂಕ್ಯಾ ಹೊತ್ತು ತಂದ ಜ್ವಾಳ. ಅದು ಕಡೀತೈತಿ ಅಂತ ಒಬ್ಬರ ಬಾಯಾಗೂ ಬರಬಾರದು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ನೋಡುತ್ತಾ ನಿಂತೆ.

"ಸುಟ್ಟ ಕೂಸಿನ ಮೈಗೆ ಹಚ್ಚೋದು ಅತ್ತಿ," ಅಂದೆ. "ಅದಕ್ಕ ಉರಿತು ಅಂದ್ರ, ಉರಿಯೋದು ಸುಟ್ಟದ್ದೋ ಹಾಳಿಯೋ ಅಂತ ಹೇಳಾಕ ಅದಕ್ಕ ಬರಂಗಿಲ್ಲ. ಅದರ ಬದ್ಲಿ ಹೇಳೋರು ಇವರ. ಇವರೂ ಹೇಳಲಿಲ್ಲಂದ್ರ ಯಾರ ಹೇಳಬೇಕ್ರಿ?"

ರೊಟ್ಟಿ ಸೀದ ವಾಸನೆ ಬಂತು. ಅತ್ತೆ ರೊಟ್ಟಿ ಸುಡುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮರುದಿನ ಕೆಲಸ ಬಿಡುವ ಹೊತ್ತಿಗೆ ಇಬ್ಬರೂ ಗೋದಾಮಿಗೆ ಹೋದೆವು. ಹೆಂಗಸರು ಕಟ್ಟುಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಅತ್ತೆಯ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಸಿಕ್ಕೊಂಡೆ ಏನ ಪಕೀರಿ?" ಅಂದರು ಇಮಾಮಬೀ.

"ನಿಮ್ಮ ಕೂದಲದಿಂದ ಸಿಕ್ಕೊಂಡೆ. ಕೈ ಝಾಡಿಸಿಕೊಂಡು ಹಚ್ಚಿಕೋರಿ ಅಂದ್ರ ಕೇಳ್ತೀರೇನು ನೀವು?"

ಎಲ್ಲರೂ ನಕ್ಕರು. ನಾನು ನಗದ್ದನ್ನು ನೋಡಿ ನಗು ನಿಂತಿತು.

"ಚಾಚಿ, ಅತ್ತಿ ಬಿಚ್ಚಿರಿ ಅಂದ್ರು, ಬಿಚ್ಚಿದ್ರಿ. ಇರ್ಲಿ. ನಾನ ಮುಂದ ಕೂತು ಕೇಳಿದಾಗರ ಹೇಳಬೇಕಿತ್ತಲ್ರಿ."

ಇಮಾಮಬೀ ಕೈಯಲ್ಲಿದ್ದ ಕೂದಲ ಕಟ್ಟನ್ನು ಕೆಳಗಿಟ್ಟರು.

"ಬೇಟಾ, ಹೇಳೂಣ ಅಂತನ ಬಂದಿದ್ದೆ. ನಿನ್ನ ಮಾರಿ ನೋಡಿದೆ. ಈ ಮಾರಿಗೆ ಇನ್ನೊಂದು ಕೆಟ್ಟ ಮಾತು ಹೆಂಗ ಹೇಳ್ಲಿ?"

"ಓಣ್ಯಾಗ ಯಾರೂ ಹೇಳಂಗಿಲ್ರಿ ಮೇಡಂ," ಅಂದಳು ಮುದುಕಮ್ಮ. "ನಿಮ್ಮ ಮನಿ ನಳ ಸೋರಿ ನಮ್ಮ ಬಾಗಿಲಾಗ ರಾಡಿ ಆಗ್ತೈತಿ. ಯಾವಾಗಿಂದ? ಹ್ವಾದ ಬ್ಯಾಸಗಿಯಿಂದ. ಹೇಳೇವೇನ್ರಿ? ಇಲ್ಲ. ನಾನ ಕಲ್ಲು ಹಾಕ್ಕೊಂಡು ದಾಟ್ತೇನಿ."

ನಾನು ನಿಂತು ಯೋಚಿಸಿದೆ. ಯಂಕೇಶ ಹೋದ ಮೇಲೆ ಯಾರೂ ನನಗೆ ಒಂದು ದೂರೂ ಹೇಳಿರಲಿಲ್ಲ. ನಾನು ದುಡ್ಡು ತಡವಾಗಿ ಕೊಟ್ಟರೂ ಹಾಲಿನವನು ಸುಮ್ಮನಿರುತ್ತಿದ್ದ. ಮನೆಯ ಮಾಲೀಕ ಬಾಗಿಲಿಗೆ ಬಂದು ಏನೋ ಹೇಳಲು ಬಾಯಿ ತೆಗೆದು, ಊಟ ಆಯಿತೇ ಎಂದು ಕೇಳಿ ಹೋಗುತ್ತಿದ್ದ. ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೆ. ನಾನು ಹೋದಲ್ಲೆಲ್ಲ ಜನ ಮೊದಲೇ ಎಲ್ಲವನ್ನೂ ಸರಿಪಡಿಸಿ ಇಟ್ಟಿರುತ್ತಿದ್ದರು.

"ನನಗ ಹೇಳ್ರಿ," ಅಂದೆ. "ಹೇಳಿದ್ರ ನನಗೇನೂ ಆಗೂದಿಲ್ಲ. ಹೇಳಲಿಲ್ಲಂದ್ರ ಕೂಸಿಗೆ ಆಗ್ತೈತಿ. ಮನಸ್ಸಿದ್ದವರು ಇನ್ನೊಮ್ಮೆ ಕೈ ಕೊಡ್ರಿ. ಮನಸ್ಸಿಲ್ಲದವರು ಬಿಡ್ರಿ, ನಾ ಏನೂ ತಿಳಕೊಳ್ಳಂಗಿಲ್ಲ. ಆದ್ರ ಕೊಟ್ಟ ಮ್ಯಾಲೆ ದೂರು ಹೇಳಬೇಕು."

"ಯಾವ ದೂರ ಆದ್ರೂ ನಡೀತೈತೇನ್ರಿ?" ಮುದುಕಮ್ಮ ಕೇಳಿದಳು.

"ನಡೀತೈತಿ."

ಅವಳು ಹಾಗೆ ಕೇಳಿದ್ದು ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಪಂಪಾಪತಿ ಸರ್‌ಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬಹಳ ಹೊತ್ತು ಮೇಜಿನ ಮೇಲೆ ಬೆರಳು ಆಡಿಸಿದರು. "ಜರಡಿ ಮುಚ್ಚಿಟ್ಟಿದ್ದರೇ?" ಎಂದು ಒಮ್ಮೆ ಕೇಳಿದರು. ಆಮೇಲೆ ಮೊದಲ ಪರೀಕ್ಷೆ ಪೂರ್ತಿ ರದ್ದು ಎಂದು ಬರೆದು, ಅನುಮತಿ ಕೊಡುವ ಸಮಿತಿಗೂ ಕಾರಣ ತಿಳಿಸಿದರು. ಒಪ್ಪಿಗೆ ಮತ್ತೆ ಬರುವ ಹೊತ್ತಿಗೆ ಕೈಗಳಿಗೂ ಬಿಡುವು ಸಿಕ್ಕಿತ್ತು. ಈ ಸಲ ಎಡಗೈ. ಒಬ್ಬರೂ ಹಿಂದೆ ಸರಿಯಲಿಲ್ಲ. ಅತ್ತೆಯನ್ನು ಆ ಎರಡು ದಿನ ಅಳವಂಡಿಗೆ ಕಳಿಸಿದೆ. ಬಸ್ಸಿಗೆ ಹತ್ತುವಾಗ, "ನಾ ಏನ್ ಕಳ್ಳಿನೇನು?" ಅಂದರು. ಟೇಪಿನ ಸುರುಳಿ ಕೈಚೀಲದಿಂದ ತೆಗೆದು ನನ್ನ ಕೈಗಿಟ್ಟರು.

ಈ ಸಲ ಮೊದಲ ಸಂಜೆಯಿಂದಲೇ ಫೋನು ಶುರುವಾಯಿತು.

"ಮೇಡಂ, ಮ್ಯಾಲಿನ ಚೌಕ ಕಡೀತೈತ್ರಿ. ಬರ್ಕೋರಿ."

"ಬರ್ಕೊಂಡೆ. ಭಾಳ ಉರೀತೈತೇನು, ತಗೀತೀಯೇನು?"

"ಛೆ, ತಗಿಯೂದಿಲ್ರಿ, ಕಡೀತೈತಿ ಅಷ್ಟ. ಮತ್ತ ನಿಮ್ಮ ನಳ."

"ನಳಾನೂ ಬರ್ಕೊಂಡೆ."

ಮೂರನೆಯ ದಿನ ಕಿಟಕಿಯ ಹತ್ತಿರ ಜಾತ್ರೆಯಂತಾಯಿತು. ಚೌಕ ಬಿಡಿಸುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚಾಯಿತು. ನಿಮ್ಮ ಟೇಪು ಕೀಳುವಾಗ ಜೀವ ಹೋಗ್ತೈತಿ. ನಿಮ್ಮ ಕೋಣಿಯೊಳಗ ಗಾಳಿ ಇಲ್ಲ. ಸ್ಪಿರಿಟ್ಟಿನ ವಾಸನಿಗೆ ಚಹಾ ಸೇರಂಗಿಲ್ಲ. ನೀವು ಓಣ್ಯಾಗ ಬರುವಾಗ ಎದುರಿಗೆ ಬಂದವರನ್ನ ನೋಡೂದಿಲ್ಲ, ನಾವೇನು ಗ್ವಾಡಿ ಏನು? ಇಮಾಮಬೀ ಕೊನೆಗೆ, "ಆ ಬೂದಿ ಬಣ್ಣದ ಸೀರಿ ಒಂದು ವಾರದಾಗ ಎಷ್ಟ ಸಲ ಉಡ್ತೀ? ನನಗ ನೋಡಿ ನೋಡಿ ಸಾಕಾಗೇತಿ, ಅದನ್ನೂ ಬರ್ಕೊ" ಅಂದರು.

ದ್ರಾಕ್ಷಾಯಿಣಿ ಮೇಡಂ ನಗು ತಡೆಯಲಾರದೆ ಕನ್ನಡಕ ತೆಗೆದರು. ನನ್ನ ಮುಖವೂ ಎಲ್ಲೋ ಸಡಿಲವಾಯಿತು. ಕೆನ್ನೆ ನೋಯುವ ತನಕ ಅದು ನಗು ಎಂದು ನನಗೆ ತಿಳಿಯಲಿಲ್ಲ.

ಸೋಪಿನ ಚೌಕ ಹೆಚ್ಚಿನವರಿಗೆ ಕೆಂಪಾಗಿತ್ತು. ನೀರಿನದು ಯಾರಿಗೂ ಇಲ್ಲ. ನಮ್ಮ ಹಾಳೆಯ ಚೌಕ ಕೆಲವರ ಕೈಯಲ್ಲಿ ಅಂಚಿನ ಗುಂಟ ಗುಲಾಬಿ ಗೆರೆ ಎಳೆದಿತ್ತು. ಇಮಾಮಬೀ ಕೈಯಲ್ಲಿ. ಮುದುಕಮ್ಮನ ಕೈಯಲ್ಲಿ. ಇನ್ನೂ ಕೆಲವರದರಲ್ಲಿ.

ಆಸ್ಪತ್ರೆಗೆ ಹೋಗುವುದು ಮುಂದಕ್ಕೆ ಹೋಯಿತು. ಪಂಪಾಪತಿ ಸರ್ ಫೋನಿನಲ್ಲಿ, "ಇಲ್ಲ, ಈಗ ಬೇಡ. ನಮ್ಮ ಹಾಳೆ ಇನ್ನೂ ತಯಾರಿಲ್ಲ" ಅನ್ನುವುದು ಬಾಗಿಲಾಚೆ ನನಗೆ ಕೇಳಿಸಿತು. ಅಂಚು ಮಾತ್ರ ಯಾಕೆ ಎಂದು ಹುಡುಕಿದೆವು. ಹಾಳೆ ನೀರಿಗೆ ಬೇಗ ಹರಿಯದಿರಲಿ ಎಂದು ಪಿಷ್ಟಕ್ಕೆ ಸಿಟ್ರಿಕ್ ಆಮ್ಲ ಬೆರೆಸುತ್ತೇವೆ. ಲಿಂಬೆಯಲ್ಲಿರುವ ಹುಳಿಯೇ ಅದು. ಪಿಷ್ಟದ ಜೊತೆ ಕೂಡಿಕೊಳ್ಳದೆ ಉಳಿದ ಹುಳಿ ಒಣಗುವಾಗ ಅಂಚಿಗೆ ಸರಿದು ಕೂತಿತ್ತು. ಅಳೆದಾಗ ಅಂಚಿನಲ್ಲಿ ಅದು ಹೆಚ್ಚೇ ಸಿಕ್ಕಿತು. ಹುಳಿ ಕಡಿಮೆ ಮಾಡಿ, ಹಾಳೆಯನ್ನು ಇನ್ನಷ್ಟು ತೊಳೆದು, ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಬೇಕು. ಅದಕ್ಕೆ ಹೊಸ ಪಿಷ್ಟ ಬೇಕು. 'ಅಳವಂಡಿ' ಎಂದು ಬರೆದ ಡಬ್ಬಿ ಖಾಲಿಯಾಗಿತ್ತು. ತೊಳೆದು ಬೋರಲು ಹಾಕಿದೆ.

ಎರಡು ದಿನಕ್ಕೆಂದು ಹೋದ ಅತ್ತೆ ವಾರ ಕಳೆದು ಅಳವಂಡಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಏನಾತು?"

"ಕಡೀತು ಅತ್ತಿ. ಕೆಲವರಿಗೆ."

ಅವರು ಹೊಸ್ತಿಲಲ್ಲೇ ನಿಂತರು. ಕೈಚೀಲ ಕೆಳಗಿಡಲಿಲ್ಲ.

"ನಮ್ಮ ಜ್ವಾಳಾನ ಕಡೀತೇನು?"

"ಜ್ವಾಳ ಅಲ್ರಿ. ನಾವು ಹಾಕಿದ ಹುಳಿ ಹೆಚ್ಚಾಗಿತ್ತು. ಹಂಗಂತ ಕಾಣ್ತೈತಿ."

"ನನ್ನ ಸಮಾಧಾನಕ್ಕ ಹೇಳ್ತೀಯೇನು?"

"ಇಲ್ರಿ. ಸಮಾಧಾನಕ್ಕ ಹೇಳೋದಿದ್ರ ಕಡೀತು ಅಂತನ ಹೇಳ್ತಿರಲಿಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ಒಳಗೆ ಬಂದು ಕೈಚೀಲದಿಂದ ಸೀರೆಯಲ್ಲಿ ಸುತ್ತಿದ ಗಂಟು ತೆಗೆದರು. ಮೈದುನ ಈ ಸಲ ಬೆಳೆದ ಮೆಕ್ಕೆಜೋಳ. ಪರೀಕ್ಷೆ ಏನಾದರೂ ಆಗಲಿ ಎಂದು ತಂದಿದ್ದರು. ಬಾಗಿಲ ಮೂಲೆಯಲ್ಲಿ ಇಟ್ಟರು.

ಊಟಕ್ಕೆ ಕೂತೆವು. ರೊಟ್ಟಿ, ಬೇಳೆ ಸಾರು. ನಾಲ್ಕು ತುತ್ತು ಉಂಡು ಅತ್ತೆ ಎಂದಿನಂತೆ ನೆಲಕ್ಕೆ ಕೈಯೂರಿ ಏಳಲು ಹೋದರು. ಅರ್ಧ ಎದ್ದು ಮತ್ತೆ ಕೂತರು.

"ಹೇಮಾ."

"ಏನ್ರಿ."

"ಓಣ್ಯಾಗಿನವರು ಎಲ್ಲಾರೂ ದೂರು ಹೇಳಿದ್ರಂತ. ಇಮಾಮಬೀ ಬಸ್‌ಸ್ಟಾಂಡಿನಾಗ ಸಿಕ್ಕಿದ್ಲು."

"ಹೇಳಿದ್ರು."

"ನಂದೊಂದೈತಿ."

"ಹೇಳ್ರಿ."

ಅವರು ತಾಟಿನ ಕಡೆ ನೋಡಿದರು. "ನಿನ್ನ ಹಪ್ಪಳಕ್ಕ ಹುಳಿ ಹೆಚ್ಚಾಗೇತಿ ಅಂತ ನಿನ್ನ ಮಿಷನ್ ಹೇಳೇತಿ. ನಿನ್ನ ಸಾರಿಗೆ ಉಪ್ಪ ಇಲ್ಲ ಅಂತ ನಾ ಹೇಳ್ತೇನಿ. ಒಂದಿನ ಅಲ್ಲ ಎರಡು ದಿನ ಅಲ್ಲ. ಅಂವ ಹೋದಾಗಿನಿಂದ ನೀ ಉಪ್ಪ ಹಾಕೇ ಇಲ್ಲ."

ನಾನು ಸಾರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಸಪ್ಪಗಿತ್ತು. ಬೇಯಿಸಿದ ನೀರಿನ ಹಾಗೆ.

"ದಿನಾ ಒಳಗ ಹೋಗಿ ಉಪ್ಪ ಹಾಕ್ಕೋತಿದ್ರೇನು?"

"ಮತ್ತೇನು, ನೀರಿಗೆ ಹೋಗ್ತಿದ್ದೆ ಅಂತ ತಿಳದಿದ್ದೀಯೇನು? ತಂಬಿಗಿ ಇಲ್ಲೇ ಐತಲ್ಲ!"

ಎದ್ದು ಅಡುಗೆಮನೆಗೆ ಹೋದೆ. ಉಪ್ಪಿನ ಡಬ್ಬಿ ತಂದು, ಅವರ ಸಾರಿಗೆ ಹಾಕಿದೆ, ನನ್ನದಕ್ಕೂ ಹಾಕಿದೆ. ಅತ್ತೆ ರೊಟ್ಟಿ ಅದ್ದಿ ಬಾಯಿಗಿಟ್ಟುಕೊಂಡರು. ಮುಖ ಕಿವುಚಿಕೊಂಡರು. ನುಂಗಿದರು. ತಂಬಿಗೆಗೆ ಕೈ ಚಾಚಿದವರು ನನ್ನ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡರು. ಮತ್ತೆ ಏನೋ ನೆನಪಾದಂತೆ ತಲೆ ಎತ್ತಿದರು.

"ಭಾಳ ಆತು," ಅಂದರು. "ಈಗ ಭಾಳ ಆತು ನೋಡ, ಬಾಯಾಗ ಇಡಾಕ ಆಗವಲ್ದು."

ತಂಬಿಗೆಯ ನೀರನ್ನು ಅವರ ಸಾರಿನ ಬಟ್ಟಲಿಗೆ ಬಗ್ಗಿಸಿದೆ.